ಕೆನೆಟ್ ಅಂಡ್ ಏವನ್ ಕಾಲುವೆ ದಡದಲ್ಲಿ ಕಂಡ ಈ ಗಿಡಗಳು ಯಾವ್ದು?

ತುಂಗಾತೀರ:
ನಮಸ್ಕಾರ ಎಲ್ರಿಗೂ. ಇಂಗ್ಲೆಂಡಲ್ಲಿ ನ್ಯಾರೋಬೋಟ್ (ಕಾಲುವೇಲಿ ಓಡೋ ಉದ್ದ, ಕಿರಿದಾದ ದೋಣಿ) ಬಾಡಿಗೆಗೆ ತಗೊಂಡು ಡಿವೈಜಸ್‌ನಿಂದ ಬಾತ್ ಕಡೆಗೆ ಹೊರಟಿದೀವಿ, ದಡದಲ್ಲಿ ನಡ್ಕೊಂಡು ಹೋಗೋರೇ ನಮ್ಮನ್ನ ದಾಟಿ ಹೋಗ್ತಾರೆ ಅಷ್ಟು ನಿಧಾನ, ಹಾಗಾಗಿ ಒಂದೊಂದು ಗಿಡನೂ ಕಣ್ಣಿಗೆ ಬೀಳುತ್ತೆ. ಎರಡು ಮಾತ್ರ ಗೊತ್ತಾಗ್ತಿಲ್ಲ. ಒಂದು ಆಳೆತ್ತರ ಮೀರಿದೆ, ಕೆಂಪು ಕಾಂಡ, ಗುಲಾಬಿ ಬಣ್ಣದ ಹೂ, ಕಾಯಿ ಮುಟ್ಟಿದ್ರೆ ಪಟ್ ಅಂತ ಸಿಡಿಯುತ್ತೆ, ಮಗಳಿಗೆ ದಿನಾ ಅದೇ ಆಟ. ಇನ್ನೊಂದು ನೀರಂಚಲ್ಲೇ ಇದೆ, ಬಿಳಿ ಹೂವು ಛತ್ರಿ ಥರ, ಎಲೆ ನೋಡಿದ್ರೆ ಕೊತ್ತಂಬರಿನೇ. ಇದನ್ನ ತಿನ್ನಬಹುದಾ?

ಹಿತ್ತಲಗಿಡ:
ಮೊದಲ್ನೇದು ಹಿಮಾಲಯನ್ ಬಾಲ್ಸಮ್, ನಮ್ಮ ಕರ್ಣಕುಂಡಲದ ಜಾತಿನೇ, ಹೂವಿನ ಹಿಂದೆ ಚಿಕ್ಕ ಬಾಲ ಇದ್ಯಾ ನೋಡಿ. 1839ರಲ್ಲಿ ತೋಟಕ್ಕೆ ಚೆಂದ ಅಂತ ತಂದಿದ್ದು, ಈಗ ದಡ ಪೂರ್ತಿ ಅದರದ್ದೇ. ಬೀಜ 7 ಮೀಟರ್ ತನಕ ಹಾರುತ್ತೆ, ನೀರಿಗೆ ಬಿದ್ದಿದ್ದು ಇನ್ನೂ ದೂರ ಹೋಗುತ್ತೆ. ಬೇರೆ ಗಿಡಕ್ಕೆ ಬಿಸಿಲೇ ಬಿಡಲ್ಲ, ಚಳಿಗಾಲಕ್ಕೆ ತಾನು ಸತ್ತು ಹೋಗುತ್ತೆ, ಆಗ ಬರಿ ದಡದ ಮಣ್ಣು ಕೊಚ್ಚಿ ಹೋಗುತ್ತೆ. ಪುಟ್ಟಿಗೆ ಕಾಯಿ ಸಿಡಿಸಬೇಡ ಅಂತ ಹೇಳಿ ಪ್ಲೀಸ್.

ಮಲ್ನಾಡ್_ಮಳೆ:
ಎರಡನೇದನ್ನ ಬಾಯಿಗೆ ಹಾಕ್ಬೇಡಿ, ಕೀಳಲೂ ಬೇಡಿ! ನೀವು ಹೇಳಿದ್ದು ನೋಡಿದ್ರೆ ಹೆಮ್ಲಾಕ್ ವಾಟರ್ ಡ್ರಾಪ್‌ವರ್ಟ್ ಇರಬಹುದು, ಬ್ರಿಟನ್ನಲ್ಲಿ ಅತಿ ವಿಷದ ಗಿಡಗಳಲ್ಲಿ ಅದೂ ಒಂದು. ಬೇರು ಗೆಣಸಿನ ಗೊಂಚಲು ಥರ, ವಿಷ ಅಲ್ಲೇ ಜಾಸ್ತಿ, ತಿಂದ್ರೆ ಫಿಟ್ಸ್ ಬರುತ್ತೆ, ದನಗಳೂ ಸಾಯ್ತವೆ. ಅದೇ ಕುಟುಂಬದ ಜೈಂಟ್ ಹಾಗ್‌ವೀಡ್ ಅಂತೂ ರಸ ತಾಗಿ ಬಿಸಿಲು ಬಿದ್ರೆ ಸಾಕು, ಬೊಬ್ಬೆ ಏಳುತ್ತೆ.

ತುಂಗಾತೀರ:
ಥ್ಯಾಂಕ್ಸ್, ಕಿತ್ತಿಲ್ಲ ಸದ್ಯ. ಸರಿಯಾಗಿ ಗುರುತಿಸೋಕೆ ಫೋಟೋ ಹೇಗೆ ತೆಗೀಲಿ?

ಜೊಂಡುಹುಲ್ಲು:
ಎಲ್ರೂ ಹೂವಿಂದೇ ತೆಗೀತಾರೆ, ಅದು ಸಾಲಲ್ಲ. ಕಾಂಡದ ಮೇಲೆ ರೋಮ ಇದ್ಯಾ, ನೇರಳೆ ಮಚ್ಚೆ ಇದ್ಯಾ, ಎಲೆ ಕಾಂಡಕ್ಕೆ ಹೇಗೆ ಕೂತಿದೆ, ಎಲೆ ಹಿಂಭಾಗ, ಇಷ್ಟು ಬೇಕು. ಬಾಲ್ಸಮ್ ಆದ್ರೆ ಎಲೆ ಸಾಮಾನ್ಯವಾಗಿ ಮೂರು ಮೂರು ಸುತ್ತಾಗಿರುತ್ತೆ. ಗಿಡ, ಪ್ರಾಣಿ ಗುರುತಿಸೋ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ತಿಳಿದೋರು ನೋಡಿ ಹೇಳ್ತಾರೆ, ಆದ್ರೆ ಛತ್ರಿ ಹೂವಿನ ಗಿಡನ ಆ್ಯಪ್ ನಂಬಿ ತಿನ್ನೋದು ಬೇಡವೇ ಬೇಡ. ಮುಂದೆ ಲಂಡನ್ ಕಡೆ ಹೋದ್ರೆ ನೀರ ಮೇಲೆ ಒಂದೆಲಗದಂಥದ್ದು ಚಾಪೆ ಹಾಸಿರುತ್ತೆ, ಅದು ಫ್ಲೋಟಿಂಗ್ ಪೆನಿವರ್ಟ್, ದಿನಕ್ಕೆ 20 ಸೆಂ.ಮೀ. ತನಕ ಬೆಳೆಯುತ್ತೆ, 2014ರಿಂದ ಇಂಗ್ಲೆಂಡಲ್ಲಿ ಮಾರೋ ಹಾಗೂ ಇಲ್ಲ. ತಂಬುಳಿಗೆ ಅಂತ ಕೈ ಹಾಕ್ಬೇಡಿ. ಪ್ರೊಪೆಲರ್‌ಗೆ ಸುತ್ಕೊಂಡ್ರೆ ಇಂಜಿನ್ ಆಫ್ ಮಾಡಿ ಕೀ ಜೇಬಲ್ಲಿಟ್ಟುಕೊಂಡು ಆಮೇಲೆ ಬಿಡಿಸಿ, ಬಿಡಿಸಿದ್ದನ್ನ ವಾಪಸ್ ನೀರಿಗೆ ಎಸೀಬೇಡಿ, ಒಂದು ಚೂರಿಂದಲೇ ಮತ್ತೆ ಚಿಗುರುತ್ತೆ.