‘ಊಫರ್ ಕೂರಿಸುವುದು’: ‘ಕೂರಿಸು’ ಪದವನ್ನು ಬರಹದಲ್ಲಿ ಬಳಸಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಪದ ‘ಕೂರಿಸು’. ದಿನಾ ಆಡುವ ಮಾತೇ. ಆದರೆ ಕಾಗದದ ಮೇಲೆ ಬರೆಯಲು ಹೋದಾಗ ಕೈ ತಡೆಯಿತು.

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನ ಗೆಳೆಯನ ಅಂಗಡಿ ಇದೆ. ಗಾಡಿಗಳಿಗೆ ಸೀಟ್ ಕವರ್, ಸ್ಟೀರಿಯೋ, ಸ್ಪೀಕರ್ ಹಾಕಿಕೊಡುವ ಅಂಗಡಿ. ಶುಂಠಿ, ಆಲೂಗಡ್ಡೆ, ಕಾಫಿ ಮೂಟೆ ಸಾಗಿಸುವ ಪಿಕಪ್‌ನವರು ಅಲ್ಲಿಗೆ ಜಾಸ್ತಿ ಬರುತ್ತಾರೆ. ದಿನದ ಅರ್ಧ ಭಾಗ ಗಾಡಿಯಲ್ಲೇ ಕಳೆಯುವ ಜನ. ರಾತ್ರಿ ಲೋಡು ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಅವರಿಗೆ ಹಾಡೇ ಜೊತೆ. ಗಾಡಿಯ ಜೊತೆ ಬಂದ ಸಣ್ಣ ಸ್ಪೀಕರಿನಲ್ಲಿ ಹಾಡುವವರ ದನಿ ಕೇಳಿಸುತ್ತದೆ. ತಬಲ, ಡೊಳ್ಳು ಮಾತ್ರ ಡೀಸೆಲ್ ಇಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಅದಕ್ಕೇ ಸಬ್‌ವೂಫರ್, ಅಂದರೆ ದಪ್ಪ ದನಿಗೆಂದೇ ಇರುವ ಸ್ಪೀಕರ್, ಹಾಕಿಸುತ್ತಾರೆ. ಎಲ್ಲರ ಬಾಯಲ್ಲೂ ಅದು ‘ಊಫರ್’.

ಹೋದ ತಿಂಗಳು ಗೆಳೆಯ ಹೇಳಿದ: “ಊಫರ್ ಹಾಕಿಸಿಕೊಂಡವರಿಗೆ ಕೊಡೋಕೆ ಒಂದು ಪುಟ ಬರ್ಕೊಡಪ್ಪ. ನೀನು ಕನ್ನಡ ಮೇಷ್ಟ್ರಲ್ವಾ.” ಏನೇನು ಹಾಕಿದೆ, ಯಾವುದನ್ನು ಮುಟ್ಟಬಾರದು, ಏನಾದರೆ ವಾಪಸ್ ಬರಬೇಕು, ಇಷ್ಟು ಅದರಲ್ಲಿರಬೇಕು. ನಾನು ಕೂತು ಬರೆದೆ. ಮೊದಲ ಸಾಲು ಹೀಗಿತ್ತು: “ನಿಮ್ಮ ವಾಹನದ ಕ್ಯಾಬಿನ್‌ನಲ್ಲಿ ಸಬ್‌ವೂಫರ್ ಅಳವಡಿಸಲಾಗಿದೆ.” ಅವನು ಓದಿ ಕಾಗದ ಕೆಳಗಿಟ್ಟ. “ಇದು ಆಫೀಸ್ ನೋಟಿಸ್ ಇದ್ದಂಗಿದೆ. ನಾವು ಅಳವಡಿಸೋದಿಲ್ಲ ಕಣೋ, ಕೂರಿಸ್ತೀವಿ.”

ಆ ಮಾತು ನನ್ನನ್ನು ಬಿಡಲಿಲ್ಲ. ಎರಡು ಭಾನುವಾರ ಅಂಗಡಿಯಲ್ಲೇ ಇದ್ದು, ಕೆಲಸದ ಹುಡುಗರು ಯಾವುದಕ್ಕೆ ಯಾವ ಪದ ಆಡುತ್ತಾರೆ ಅಂತ ಗಮನಿಸಿದೆ. ಬ್ಯಾಟರಿಯಿಂದ ವೈರನ್ನು ‘ಎಳೆಯುತ್ತಾರೆ’. ಬ್ಯಾಟರಿಯಿಂದ ಒಂದೂವರೆ ಅಡಿ ದಾಟುವುದರೊಳಗೆ ಫ್ಯೂಸ್ ‘ಹಾಕುತ್ತಾರೆ’. 300 ವಾಟ್ ಎಳೆಯುವ ಆಂಪ್ (ಊಫರಿಗೆ ಬಲ ಕೊಡುವ ಆಂಪ್ಲಿಫೈಯರ್) ಅಂದರೆ 12 ವೋಲ್ಟಿನ ಗಾಡಿಯಲ್ಲಿ ಹತ್ತಿರ ಹತ್ತಿರ 25 ಆಂಪಿಯರ್ ಕರೆಂಟು. ಆ ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು, ಫ್ಯೂಸ್ ಇರುವುದು ಅದನ್ನು ತಡೆಯಲು. ಬಣ್ಣ ಕೆರೆದು ಬರೀ ತಗಡಿಗೆ ಅರ್ಥ್ ‘ಕೊಡುತ್ತಾರೆ’. ಸೆಟ್ಟಿನ ಹಿಂದೆ ಪಿನ್ ‘ಸಿಕ್ಕಿಸುತ್ತಾರೆ’. ‘ಕೂರಿಸುವುದು’ ಮಾತ್ರ ಎರಡೇ ಎರಡನ್ನು. ಪೆಟ್ಟಿಗೆಯೊಳಗೆ ಸ್ಪೀಕರನ್ನು, ಸೀಟಿನ ಹಿಂದೆ ಪೆಟ್ಟಿಗೆಯನ್ನು.

ಕಾರಿಗಾದರೆ ಡಿಕ್ಕಿ ಇರುತ್ತದೆ, ಪೆಟ್ಟಿಗೆಯನ್ನು ಅಲ್ಲಿ ಇಟ್ಟರೆ ಆಯಿತು. (ಈ ‘ಡಿಕ್ಕಿ’ಯನ್ನೂ ನಾನು ಪುಟದಲ್ಲಿ ಬಳಸಲಿಲ್ಲ. ಗಾಡಿಯ ಬಗ್ಗೆ ಬರೆಯುವಾಗ ‘ಡಿಕ್ಕಿ’ ಅಂದರೆ ಓದುವವರಿಗೆ ಮೊದಲು ನೆನಪಾಗುವುದು ಅಪಘಾತ.) ಪಿಕಪ್‌ನಲ್ಲಿ ಹಿಂದಿರುವುದು ಬರೀ ಲೋಡಿನ ಬಾಡಿ. ಸೀಟಿನ ಬೆನ್ನಿಗೂ ಹಿಂದಿನ ತಗಡಿಗೂ ನಡುವೆ ಇರುವ ಸಂದು, ಇಲ್ಲವೇ ಸೀಟಿನ ಅಡಿ, ಇಷ್ಟೇ ಜಾಗ. ಪುಣ್ಯಕ್ಕೆ ಊಫರಿನ ದನಿಗೆ ಜಾಗದ ಹಟ ಕಡಿಮೆ. 80 ಹರ್ಟ್ಜ್‌ಗಿಂತ (ಸೆಕೆಂಡಿಗೆ 80 ಕಂಪನ) ಕೆಳಗಿನ ದಪ್ಪ ದನಿ ಯಾವ ಕಡೆಯಿಂದ ಬರುತ್ತಿದೆ ಅಂತ ಗುರುತು ಹಿಡಿಯುವುದು ಕಿವಿಗೆ ಕಷ್ಟ. 50 ಹರ್ಟ್ಜ್ ದನಿಯ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ, ಇಡೀ ಪಿಕಪ್‌ಗಿಂತ ಉದ್ದ. ಹಾಗಾಗಿ ಎಲ್ಲಿ ಇಟ್ಟರೂ ಕೇಳಿಸುತ್ತದೆ. ಆದರೆ ಎಲ್ಲಿ ಇಟ್ಟರೂ ‘ಕೂರುವುದಿಲ್ಲ’.

ನನಗೆ ಅರ್ಥವಾಗಿದ್ದು ಇಲ್ಲಿ. ಒಬ್ಬ ಹುಡುಗ ಸ್ಪೀಕರಿಗೆ ಸ್ಕ್ರೂ ಬಿಗಿದು ಹಾಡು ಹಾಕಿದ. ಅಂಚಿನಲ್ಲಿ ‘ಬುಸ್’ ಅಂತ ಗಾಳಿ ಬರುತ್ತಿತ್ತು. ಗೆಳೆಯ ಕೇಳಿದ, “ಹಾಕಿದ್ಯಾ?” ಹುಡುಗ ಅಂದ, “ಹಾಕಿದೀನಣ್ಣ, ಇನ್ನೂ ಕೂತಿಲ್ಲ.” ಮುಚ್ಚಿದ ಪೆಟ್ಟಿಗೆಯ ಊಫರಿನಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ. ಗಾಳಿ ಸೋರಿದರೆ ದನಿ ಕೆಡುತ್ತದೆ. ಅವನು ಸ್ಪೀಕರ್ ಬಿಚ್ಚಿ, ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದ. ಬುಸ್ ನಿಂತಿತು. “ಈಗ ಕೂತ್ಕೊಳ್ತು.”

ನೋಡಿ, ‘ಹಾಕು’ ಬೇರೆ, ‘ಕೂರಿಸು’ ಬೇರೆ. ಹಾಕುವುದು ಮನುಷ್ಯ ಮಾಡುವ ಕೆಲಸ, ಅಲ್ಲಿಗೆ ಮುಗಿಯಿತು. ಕೂರಿಸುವುದರಲ್ಲಿ ಆ ವಸ್ತುವೂ ಒಪ್ಪಬೇಕು. ಸಂದಿಲ್ಲದೆ, ಅಲುಗಾಡದೆ, ತನ್ನ ಜಾಗ ತನಗೆ ಸಿಕ್ಕಿದ ಹಾಗೆ ಇರಬೇಕು. ದರ್ಜಿ ಅಂಗಡಿಯಲ್ಲಿ “ಬ್ಲೌಸ್ ಚೆನ್ನಾಗಿ ಕೂತಿದೆ” ಅನ್ನುವುದೂ ಇದೇ ಅರ್ಥದಲ್ಲಿ. ಗಣಪತಿ ಕೂರಿಸುತ್ತೇವೆ, ವರಮಹಾಲಕ್ಷ್ಮಿಗೆ ಲಕ್ಷ್ಮಿ ಕೂರಿಸುತ್ತೇವೆ, ದಸರಾದಲ್ಲಿ ಗೊಂಬೆ ಕೂರಿಸುತ್ತೇವೆ. ಅಲ್ಲೂ ಸುಮ್ನೆ ಇಡುವುದಲ್ಲ, ಅದಕ್ಕೆಂದೇ ಒಂದು ಜಾಗ ಮಾಡಿ ನೆಲೆಗೊಳಿಸುವುದು.

ಇನ್ನೂ ಯೋಚನೆ ಮಾಡಿದರೆ ನಮ್ಮ ಕನ್ನಡ ಇಂಥ ಕೆಲಸಗಳಿಗೆ ಎಷ್ಟು ಪದ ಇಟ್ಟುಕೊಂಡಿದೆ! ಬೋರ್‌ವೆಲ್ಲಿಗೆ ಮೋಟಾರ್ ಇಳಿಸುತ್ತೇವೆ. ಹೊಸ ಮನೆಗೆ ಬಾಗಿಲು ನಿಲ್ಲಿಸುತ್ತೇವೆ. ಕಂಬ ನೆಡುತ್ತೇವೆ. ಊಫರ್ ಕೂರಿಸುತ್ತೇವೆ. ನಿಲ್ಲುವುದನ್ನು ನಿಲ್ಲಿಸುವುದು, ಇಳಿಯುವುದನ್ನು ಇಳಿಸುವುದು, ಕೂರುವುದನ್ನು ಕೂರಿಸುವುದು. ಪದ ಕೇಳಿದರೆ ಸಾಕು, ಕೆಲಸ ಕಣ್ಣ ಮುಂದೆ ಬರುತ್ತದೆ. ಕೈಪಿಡಿಗಳ ಕನ್ನಡದಲ್ಲಿ ಇಷ್ಟಕ್ಕೂ ಸೇರಿ ಒಂದೇ ‘ಅಳವಡಿಸು’. ಮೋಟಾರನ್ನೂ ಅಳವಡಿಸು, ಬಾಗಿಲನ್ನೂ ಅಳವಡಿಸು. ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಹಾಗಂತ ‘ಅಳವಡಿಸು’ ಕೆಟ್ಟ ಪದ ಅಂತ ಹೇಳಲಾರೆ. ಅದರೊಳಗೆ ‘ಅಳವು’ ಇದೆ, ಅಳತೆ, ಅಳವಿನ ಮಟ್ಟ ಅನ್ನುವ ಅಳವು. ಹಳೆಯ ‘ಅಳವಡು’ವಿಗೆ ಹೊಂದಿಕೊಳ್ಳು, ತಕ್ಕುದಾಗು ಎಂಬ ಅರ್ಥವೇ ಇತ್ತು. ಊಫರ್ ಪೆಟ್ಟಿಗೆಯಂತೂ ಪೂರ್ತಿ ಅಳತೆಯ ಕೆಲಸ. ಒಳಗೆ ಎಷ್ಟು ಗಾಳಿ ಹಿಡಿಯಬೇಕು ಅಂತ ಲೀಟರಿನಲ್ಲಿ ಲೆಕ್ಕ ಹಾಕುತ್ತಾರೆ, 10 ಇಂಚಿನ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆಯಾದರೆ 20 ಲೀಟರ್ ಆಸುಪಾಸು. ಮೂಲದ ಅರ್ಥದಲ್ಲಿ ‘ಅಳವಡಿಸು’ ಇಲ್ಲಿ ಸರಿಯಾಗಿಯೇ ಹೊಂದುತ್ತದೆ. ಆದರೆ ಆ ಅಳವು ಇವತ್ತು ಯಾರ ಕಿವಿಗೂ ಕೇಳಿಸುತ್ತಿಲ್ಲ. ಬಳಸಿ ಬಳಸಿ ಸವೆದುಹೋಗಿದೆ.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ‘ಕೂರಿಸು’ ಒಳ್ಳೆಯದು, ಆದರೆ ಅದರ ಬೇರು ‘ಕೂರು’ ನಂಬಿಕೆಗೆ ಅರ್ಹವಲ್ಲ. “ಇಂಜಿನ್ ಕೂರಿಸಿದರು” ಅಂದರೆ ಗಾಡಿ ರೆಡಿ. “ಇಂಜಿನ್ ಕೂತುಹೋಯಿತು” ಅಂದರೆ ಕೆಟ್ಟಿತು. ಮೋಟಾರ್ ಕೂತುಬಿಡುತ್ತದೆ, ಮಳೆಗಾಲದಲ್ಲಿ ಮಣ್ಣಿನ ಗೋಡೆ ಕೂತುಬಿಡುತ್ತದೆ. ನನ್ನ ಪುಟದಲ್ಲಿ “ಊಫರ್ ಕೂತರೆ ಅಂಗಡಿಗೆ ಬನ್ನಿ” ಅಂತ ಬರೆದರೆ ಓದುವವರು ಏನು ತಿಳಿಯಬೇಕು?

ನನಗೆ ತೋಚಿದ ಉತ್ತರ ಇದು. ಕೆಟ್ಟ ಅರ್ಥ ಬರುವುದು ‘ಕೂರು’ವಿನ ಹಿಂದೆ ‘ಹೋಗು’ ಅಥವಾ ‘ಬಿಡು’ ಸೇರಿದಾಗ. ಬರೀ ‘ಕೂತಿದೆ’ ಅಂದರೆ ಒಳ್ಳೆಯದು. ‘ಕೂತುಹೋಗಿದೆ’ ಅಂದರೆ ಕೆಟ್ಟದ್ದು. ನಿಯಮ ಚೆನ್ನಾಗಿದೆ, ಅಲ್ವಾ? ಆದರೆ “ಗಂಟಲು ಕೂತಿದೆ” ಅದಕ್ಕೆ ಅಡ್ಡ ಬರುತ್ತದೆ. ಅಲ್ಲಿ ‘ಹೋಗು’ ಇಲ್ಲ, ‘ಬಿಡು’ ಇಲ್ಲ, ಆದರೂ ದನಿ ಕೆಟ್ಟಿದೆ ಅಂತಲೇ ಅರ್ಥ. ಊಫರೂ ದನಿಯ ವಸ್ತುವೇ ಆದ್ದರಿಂದ ಈ ಅಡ್ಡಿ ನನಗೆ ದೊಡ್ಡದಾಗಿಯೇ ಕಾಣುತ್ತಿದೆ.

‘ಕುಳ್ಳಿರಿಸು’ ಅಲ್ಲವೇ ಬರಹದ ರೂಪ ಅಂತ ಕೆಲವರು ಕೇಳಬಹುದು. ಬರೆದು ನೋಡಿದೆ. “ಊಫರನ್ನು ಸೀಟಿನ ಹಿಂದೆ ಕುಳ್ಳಿರಿಸಿದೆ.” ಮಗುವನ್ನು ಕುಳ್ಳಿರಿಸಿದ ಹಾಗಿದೆ. ಮನುಷ್ಯರಿಗೆ ‘ಕುಳ್ಳಿರಿಸು’ ಉಳಿದು, ವಸ್ತುಗಳ ಮಟ್ಟಿಗೆ ‘ಕೂರಿಸು’ ಬೇರೆಯದೇ ಪದವಾಗಿ ನಿಂತಿದೆ ಅನ್ನುವುದು ನನ್ನ ಅನಿಸಿಕೆ.

ಇನ್ನೊಂದು ಪದವನ್ನೂ ಇಲ್ಲೇ ಕೇಳಿಬಿಡುತ್ತೇನೆ, ‘ಅರ್ಥ್’. ಪುಟದಲ್ಲಿ “ಬಾಡಿಯ ತಗಡಿಗೆ ಅರ್ಥ್ ಕೊಟ್ಟಿದೆ” ಅಂತ ಬರೆದಿದ್ದೆ. ಅಮ್ಮ ಓದಿ, “ಅಯ್ಯೋ, ಮುಟ್ಟಿದರೆ ಹೊಡೆಯುತ್ತಾ?” ಅಂತ ಗಾಬರಿಯಾದರು. ನಮ್ಮ ಮನೆಗಳಲ್ಲಿ ‘ಅರ್ಥ್ ಹೊಡೀತಿದೆ’ ಅಂದರೆ ಶಾಕ್ ಹೊಡೆಯುವುದು. ಗಾಡಿಯಲ್ಲಿ ಅದೇ ಮಾತಿಗೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ ಅಂತ ಅರ್ಥ. ರಬ್ಬರ್ ಚಕ್ರದ ಮೇಲೆ ನಿಂತ ಗಾಡಿಗೂ ನೆಲಕ್ಕೂ ಸಂಬಂಧವೇ ಇಲ್ಲ, ಹಾಗಾಗಿ ‘ನೆಲತಂತಿ’ ಅನ್ನುವುದೂ ಸರಿಬಾರದು. ಅದನ್ನು ಬಿಡುವ ಹಾಗೂ ಇಲ್ಲ. ಆ ವೈರ್ ಸಡಿಲವಾದರೆ ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ‘ಕುಂಯ್’ ಅನ್ನುವ ಸದ್ದು ಏರುತ್ತದೆ. ಅಂಗಡಿಗೆ ವಾಪಸ್ ಬರುವವರಲ್ಲಿ ಬಹಳ ಜನರ ದೂರು ಇದೇ. ಸದ್ಯಕ್ಕೆ “ಮೈನಸ್ ವೈರನ್ನು ಗಾಡಿಯ ತಗಡಿಗೆ ಬಿಗಿದಿದೆ” ಅಂತ ತಿದ್ದಿದ್ದೇನೆ.

‘ಊಫರ್’ಗೆ ಹೊಸ ಕನ್ನಡ ಪದ ಕಟ್ಟಿಕೊಡಿ ಅಂತ ನಾನು ಕೇಳುತ್ತಿಲ್ಲ. ಅದು ನಾಯಿ ಬೊಗಳುವ ದಪ್ಪ ದನಿಯಿಂದ ಇಂಗ್ಲಿಷಿನಲ್ಲಿ ಹುಟ್ಟಿದ ಹೆಸರು, ಹಕ್ಕಿಯ ಚಿಲಿಪಿಲಿಯಿಂದ ‘ಟ್ವೀಟರ್’ ಹುಟ್ಟಿದ ಹಾಗೆ. ಹಾಸನದ ಬಾಯಿಗೆ ಅದು ಈಗಾಗಲೇ ಹೊಂದಿಕೊಂಡಿದೆ.

ನನಗೆ ಬೇಕಾಗಿರುವುದು ಇಷ್ಟು. ಧಾರವಾಡ, ಬಿಜಾಪುರದ ಕಡೆಯವರು ಗಣಪತಿಯನ್ನು ‘ಕೂಡ್ರಿಸುತ್ತಾರೆ’. ಇಂಜಿನ್, ಸ್ಪೀಕರಿಗೂ ಅದೇ ಪದವೇ, ಬೇರೆ ಇದೆಯೇ? ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಏನನ್ನುತ್ತಾರೆ? “ಗಂಟಲು ಕೂತಿದೆ” ಹಾಗೆ, ‘ಹೋಗು’, ‘ಬಿಡು’ ಇಲ್ಲದೆಯೂ ಕೆಟ್ಟ ಅರ್ಥ ಕೊಡುವ ಬೇರೆ ಬಳಕೆ ನಿಮ್ಮ ಕಡೆ ಇದ್ದರೆ ದಯವಿಟ್ಟು ಪೂರ್ತಿ ವಾಕ್ಯವನ್ನೇ ಬರೆಯಿರಿ.

ಪುಟದ ಮೊದಲ ಸಾಲು ಈಗ ಹೀಗಿದೆ: “ನಿಮ್ಮ ಗಾಡಿಯ ಸೀಟಿನ ಹಿಂದೆ ಊಫರ್ ಕೂರಿಸಿದ್ದೇವೆ. ಪೆಟ್ಟಿಗೆ ಅಲುಗಾಡಿದರೆ, ಅಂಚಿನಲ್ಲಿ ಗಾಳಿ ಬಂದರೆ, ಅದು ಸರಿಯಾಗಿ ಕೂತಿಲ್ಲ ಅಂತ ಅರ್ಥ, ಅಂಗಡಿಗೆ ತನ್ನಿ.” ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಅಷ್ಟರಲ್ಲಿ ಯಾರಾದರೂ ತಿದ್ದುವುದಿದ್ದರೆ ಖಂಡಿತ ತಿದ್ದಿಕೊಳ್ಳುತ್ತೇನೆ.