ಸಹಾಯ ಬೇಕು: ನಾಯಿಗೆ ಹೃದಯದ ತೊಂದರೆ, ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಎಲ್ಲಿ ಮಾಡಿಸಬಹುದು?

ಎಲ್ಲರಿಗೂ ನಮಸ್ಕಾರ. ನಾವಿರುವುದು ತಿಪಟೂರಿನಲ್ಲಿ. ನಮ್ಮ ಪಾಮೆರೇನಿಯನ್‌ಗೆ ಈಗ 11 ವರ್ಷ. ರಾತ್ರಿ ಹೊತ್ತು ಒಣ ಕೆಮ್ಮು, ಸ್ವಲ್ಪ ಓಡಾಡಿದರೂ ಏದುಸಿರು. ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ನೋಡಿ ಮರ್ಮರ್ (ಹೃದಯ ಬಡಿತದ ಜೊತೆ ಕೇಳುವ ಅಸಹಜ ಸದ್ದು) ಇದೆ ಅಂದರು. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿದೆ, ಶ್ವಾಸಕೋಶದಲ್ಲಿ ನೀರೂ ಇದೆ. ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ (ಕವಾಟ) ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಹೋಗುತ್ತಿದೆಯಂತೆ. ಚಿಕ್ಕ ತಳಿಗಳಿಗೆ ವಯಸ್ಸಾದಾಗ ಇದೇ ಜಾಸ್ತಿ ಬರುವ ಹೃದಯದ ಕಾಯಿಲೆ. ಡಾಬರ್‌ಮನ್‌ನಂಥ ದೊಡ್ಡ ನಾಯಿಗಳಲ್ಲಾದರೆ ಹೃದಯದ ಸ್ನಾಯುವೇ ಸೋಲುವುದು ಹೆಚ್ಚು.

ನೀರು ಇಳಿಸಲು ಫ್ಯೂರೋಸೆಮೈಡ್, ಹೃದಯಕ್ಕೆ ಬಲ ಕೊಡಲು ಪಿಮೊಬೆಂಡಾನ್ ಬರೆದಿದ್ದಾರೆ. ಮೊದಲನೆಯದು ಮಾಮೂಲಿ ಮೆಡಿಕಲ್‌ನಲ್ಲೇ ಸಿಕ್ಕಿತು. ಎರಡನೆಯದು ಇಲ್ಲಿ ಸಿಗುತ್ತಿಲ್ಲ. ತುಮಕೂರಿನಲ್ಲಿ ಸಿಗುತ್ತದಾ, ಬೆಂಗಳೂರಿನಿಂದಲೇ ತರಿಸಬೇಕಾ? ಅದನ್ನು ಊಟಕ್ಕೆ ಒಂದು ಗಂಟೆ ಮೊದಲು ಕೊಡಬೇಕಂತೆ. ಇವಳೋ ಅನ್ನದಲ್ಲಿ ಬಚ್ಚಿಟ್ಟರೆ ಮಾತ್ರ ಮಾತ್ರೆ ನುಂಗುವವಳು! ಏನಾದರೂ ಉಪಾಯ ಇದೆಯಾ?

ಎಕೋ ಮಾಡಿಸಲು ಹೇಳಿದ್ದಾರೆ. ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋದವರಿದ್ದರೆ ಮೊದಲೇ ಹೆಸರು ಬರೆಸಬೇಕಾ, ಖರ್ಚು ಎಷ್ಟಾಗಬಹುದು ತಿಳಿಸಿ. ಹತ್ತಿರ ಬೇರೆ ಕಡೆ ಆದರೆ ಇನ್ನೂ ಒಳ್ಳೆಯದು. ಅಷ್ಟು ದೂರ ಕಾರಿನಲ್ಲಿ ಕರೆದುಕೊಂಡು ಹೋಗಲು ಭಯ.

ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾಳೆ ಅಂತ ಎಣಿಸಿ ಬರೆದಿಡುತ್ತಿದ್ದೇವೆ. 30 ದಾಟಿದರೆ ತಕ್ಷಣ ಫೋನ್ ಮಾಡಿ ಅಂದಿದ್ದಾರೆ. ಕಿಡ್ನಿಗೆ ರಕ್ತ ಪರೀಕ್ಷೆಯೂ ಆಗಾಗ ಬೇಕಂತೆ. ಉಪ್ಪು ಕಡಿಮೆ ಇರುವ ಊಟ ಏನು ಕೊಡುತ್ತೀರಿ? ದಯವಿಟ್ಟು ಮಾತ್ರೆ ನಿಲ್ಲಿಸಿ ಕಷಾಯ ಕೊಡಿ ಅಂತ ಮಾತ್ರ ಹೇಳಬೇಡಿ.