1774ಕ್ಕಿಂತ ಹಿಂದಿನ ಮ್ಯಾಕ್‌ಗ್ರೆಗರ್‌ಗಳನ್ನು ಯಾವ ಹೆಸರಲ್ಲಿ ಹುಡುಕಬೇಕು?

ಪ್ರಶ್ನೆ: ಸ್ಕಾಟ್ಲೆಂಡಿನ ಪರ್ತ್‌ಶೈರ್ ಭಾಗದ ಮ್ಯಾಕ್‌ಗ್ರೆಗರ್ ಕುಟುಂಬವೊಂದರ ವಂಶಾವಳಿ ಸಿದ್ಧಪಡಿಸುತ್ತಿದ್ದೇನೆ. 1780ರ ದಶಕದವರೆಗೆ ಚರ್ಚಿನ ದಾಖಲೆ ಸಲೀಸಾಗಿ ಸಿಕ್ಕಿತು. ಅದಕ್ಕೂ ಹಿಂದೆ ಹೋದರೆ ಆ ಹೆಸರೇ ಇಲ್ಲ. ಹೆಸರಿನ ಮೇಲೆ ನಿಷೇಧವಿತ್ತಂತೆ. ಹಾಗಾದರೆ ಏನೆಂದು ಹುಡುಕಲಿ?

ಉತ್ತರ 1: ನಿಷೇಧ ಎರಡು ಸಲ ಬಂದಿದೆ ಸರ್, ಎರಡನ್ನೂ ಬೇರೆಬೇರೆ ನೋಡಬೇಕು. 1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಮ್ಯಾಕ್‌ಗ್ರೆಗರ್‌ಗಳು ಕಹೂನ್ ಕುಲದವರನ್ನು ಸದೆಬಡಿದರು. ಏಪ್ರಿಲ್ 3ರಂದು ರಾಜ ಆರನೇ ಜೇಮ್ಸ್‌ನ ಪ್ರಿವಿ ಕೌನ್ಸಿಲ್ (ರಾಜನ ಸಲಹಾ ಮಂಡಳಿ) ಆ ಹೆಸರನ್ನೇ ಅಳಿಸಿಹಾಕಿತು, ಬಿಡದವರಿಗೆ ಮರಣದಂಡನೆ. ಮುಖ್ಯಸ್ಥ ಗ್ಲೆನ್‌ಸ್ಟ್ರೇಯ ಅಲಸ್ಟೇರ್‌ನನ್ನು 1604ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದರು. 1661ರಲ್ಲಿ ಎರಡನೇ ಚಾರ್ಲ್ಸ್ ನಿಷೇಧ ತೆಗೆದ, 1693ರಲ್ಲಿ ಅದು ಮತ್ತೆ ಬಂತು, 1774ರಲ್ಲಿ ಪೂರ್ತಿ ಹೋಯಿತು. ಹಾಗಾಗಿ 1661ರಿಂದ 1693ರ ನಡುವೆ ನಿಜವಾದ ಹೆಸರೇ ಸಿಗಬಹುದು, ಅಲ್ಲಿ ಮೊದಲು ನೋಡಿ.

ಉಳಿದ ಕಾಲಕ್ಕೆ ಕ್ಯಾಂಬೆಲ್, ಡ್ರಮಂಡ್, ಗ್ರಹಾಂ, ಮರ್ರಿ, ಸ್ಟುವರ್ಟ್, ಗ್ರ್ಯಾಂಟ್. ಬಹುಮಟ್ಟಿಗೆ ಆಶ್ರಯ ಕೊಟ್ಟ ಜಮೀನ್ದಾರನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಮ್ಯಾಕ್‌ಗ್ರೆಗರ್ ಕುಲದ ಪ್ರಸಿದ್ಧ ದಂಗೆಕೋರ ರಾಬ್ ರಾಯ್ ತಾಯಿಯ ಕಡೆಯ ಕ್ಯಾಂಬೆಲ್ ಹೆಸರು ಬಳಸಿದ. ಆದ್ದರಿಂದ ಹೆಸರಿಗಿಂತ ಮೊದಲು ಊರು ಹಿಡಿಯಿರಿ, ಆ ಜಮೀನು ಯಾರದಿತ್ತು ಅಂತ ಪತ್ತೆ ಮಾಡಿ.

ಉತ್ತರ 2: ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣದಲ್ಲಿ ಹುಡುಕುವಾಗ ಮ್ಯಾಕ್ (Mac), ಎಂಸಿ (Mc), ಎಂ ಅಪಾಸ್ಟ್ರಫಿ (M') ಮೂರೂ ರೂಪ ಹಾಕಿ. ಹಳೆಯ ಪುಟಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಮ್ಯಾಕ್ (ಮಗ) ಬದಲು ನಿಕ್ (ಮಗಳು) ಎಂಬುದರ ಸಂಕ್ಷೇಪ ಬರುತ್ತದೆ, ಅದನ್ನು ಬಿಟ್ಟರೆ ತಾಯಂದಿರೇ ತಪ್ಪಿಹೋಗುತ್ತಾರೆ. ಸೂಚಿಯನ್ನಷ್ಟೇ ನಂಬಬೇಡಿ, ಪುಟದ ಚಿತ್ರ ತೆರೆಯಿರಿ: "ಡ್ರಮಂಡ್ ಅಲಿಯಾಸ್ ಮ್ಯಾಕ್‌ಗ್ರೆಗರ್" ಎಂದು ಪಾದ್ರಿ ಬರೆದಿದ್ದರೂ ಸೂಚಿಯಲ್ಲಿ ಒಂದೇ ಹೆಸರು ಇರಬಹುದು. ಹೈಲ್ಯಾಂಡ್ಸ್ ಎಂಬ ಗುಡ್ಡನಾಡಿನ ಎಷ್ಟೋ ಪ್ಯಾರಿಷ್‌ಗಳಲ್ಲಿ (ಒಂದೊಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ದಾಖಲೆ ಶುರುವಾಗುವುದೇ 18ನೇ ಶತಮಾನದಲ್ಲಿ. ಹೆಸರು ಕಾಣದಿದ್ದರೆ ಪುಸ್ತಕವೇ ಇಲ್ಲದಿರಬಹುದು.

ಪ್ರಶ್ನಿಸಿದವರು: ಡ್ರಮಂಡ್ ಒಬ್ಬ ಸಿಕ್ಕಿದ್ದಾನೆ, ಅದೇ ಊರು. ಸೇರಿಸಬಹುದೇ?

ಉತ್ತರ 3: ಅಷ್ಟಕ್ಕೇ ಸೇರಿಸಬೇಡಿ. ಡ್ರಮಂಡ್ ಸ್ವತಃ ದೊಡ್ಡ ಕುಲ. 1774ರ ನಂತರ ಅದೇ ಮನೆಯ ಮಕ್ಕಳು ಮ್ಯಾಕ್‌ಗ್ರೆಗರ್ ಎಂದು ದಾಖಲಾಗಿದ್ದಾರಾ, ತಾಯಿ ಅವಳೇನಾ ನೋಡಿ. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿನ ತವರಿನ ಹೆಸರೂ ಬರುವುದರಿಂದ ಇದು ಗಟ್ಟಿ ಸುಳಿವು. ಗಂಡು ಸಂತತಿ ಇಂದಿಗೂ ಇದ್ದರೆ ವೈ ಡಿಎನ್‌ಎ (ತಂದೆಯಿಂದ ಮಗನಿಗಷ್ಟೇ ಬರುವ ಡಿಎನ್‌ಎ) ಪರೀಕ್ಷೆ ಮಾಡಿಸಿ, ಖಚಿತ ಮ್ಯಾಕ್‌ಗ್ರೆಗರ್ ಶಾಖೆಯವರ ಫಲಿತಾಂಶದ ಜತೆ ಹೋಲಿಸಿ. ಹೊಂದದಿದ್ದರೂ ಗಾಬರಿ ಬೇಡ, ರಕ್ತಸಂಬಂಧವಿಲ್ಲದ ಒಕ್ಕಲುಗಳೂ ಮುಖ್ಯಸ್ಥನ ಹೆಸರು ಇಟ್ಟುಕೊಳ್ಳುತ್ತಿದ್ದರು.